ಎಂಜಿನಿಗೆ ತನ್ನ ಹೆಸರಿತ್ತ ರುಡಾಲ್ಫ್ ಡೀಸೆಲ್

ಬೀದರ, ಭಾಲ್ಕಿ, ಔರಾದ ಪ್ರಾಂತದ ಹಳ್ಳಿಗಳಲ್ಲಿ ಡೀಸೆಲ್ ಎಂಬ ಶಬ್ದವನ್ನು ಕೇಳದೆ ಬೆಳೆದ ಮಗುವಿಲ್ಲ. ಬಾವಿಯ ದಂಡೆಯ ಮೇಲೆ ಟಕಟಕನೆ ಸದ್ದು ಮಾಡುತ್ತ ನೀರೆತ್ತುವ ಯಂತ್ರಕ್ಕೂ ಅದೇ ಹೆಸರು, ಅದರ ಹೊಟ್ಟೆಗೆ ಸುರಿಯುವ ಎಣ್ಣೆಗೂ ಅದೇ ಹೆಸರು. ಡಾಬಕಾದಂಥ ಗಡಿನಾಡಿನ ಊರಿನಿಂದ ತಾಲೂಕಿನ ಸ್ಥಳಕ್ಕೆ ಜನರನ್ನು ತರುವ ಬಸ್ಸು, ಕಬ್ಬಿನ ಗಾಡಿಯನ್ನು ಸಕ್ಕರೆ ಕಾರಖಾನೆಯವರೆಗೆ ಎಳೆಯುವ ಟ್ರ್ಯಾಕ್ಟರು, ವಿದ್ಯುತ್ತು ಬರುವ ಮುನ್ನ ಹಿಟ್ಟಿನ ಗಿರಣಿಯನ್ನು ತಿರುಗಿಸಿದ ಎಂಜಿನು, ಇವೆಲ್ಲ ಆ ಹೆಸರಿನ ಆಶ್ರಯದಲ್ಲಿಯೇ ನಡೆದವು. ಆದರೆ ಅದು ಒಬ್ಬ ಮನುಷ್ಯನ ಮನೆತನದ ಹೆಸರೆಂಬುದನ್ನು, ಆ ಮನುಷ್ಯನು ಬಡತನದಲ್ಲಿ ಹುಟ್ಟಿ, ಕೀರ್ತಿಯ ಶಿಖರವನ್ನೇರಿ, ಒಂದು ರಾತ್ರಿ ಕಡಲಿನಲ್ಲಿ ಕಣ್ಮರೆಯಾದನೆಂಬುದನ್ನು ಬಲ್ಲವರು ವಿರಳ. ದೊಡ್ಡ ಕಾರಖಾನೆಗಳಿಗಾಗಿಯಲ್ಲ, ಸಣ್ಣ ಕಸಬುದಾರನಿಗಾಗಿ ಒಂದು ಸಣ್ಣ ಎಂಜಿನನ್ನು ಕೊಡಬೇಕೆಂಬುದು ಅವರ ಮೊದಲ ಹಂಬಲವಾಗಿತ್ತು. ಅದು ಅವರ ಕಣ್ಣೆದುರಿಗೆ ಈಡೇರಲಿಲ್ಲ.

ರುಡಾಲ್ಫ್ ಡೀಸೆಲ್ಲರು 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಥಿಯೊಡೋರ್ ಡೀಸೆಲ್ಲರು ಜರ್ಮನಿಯ ಔಗ್ಸ್‌ಬರ್ಗಿನವರು. ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿತು, ಚರ್ಮದ ಚೀಲ ಪಾಕೀಟುಗಳನ್ನು ಮಾಡಿ ಬದುಕು ಸಾಗಿಸುತ್ತಿದ್ದವರು. ತಾಯಿ ಎಲೀಸೆಯವರು ನ್ಯೂರೆಂಬರ್ಗಿನವರು. ಸಿದ್ಧವಾದ ಸಾಮಾನುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುವುದು ಬಾಲಕ ರುಡಾಲ್ಫನ ಪಾಲಿನ ಕೆಲಸ. ಓದಿನಲ್ಲಿ ಆತನು ಮುಂದು. 1870ರಲ್ಲಿ, ಹನ್ನೆರಡರ ವಯಸ್ಸಿಗೆ, ಶಾಲೆಯಲ್ಲಿ ಕಂಚಿನ ಪದಕವನ್ನು ಪಡೆದನು. ಅದೇ ವರ್ಷ ಫ್ರಾನ್ಸಿಗೂ ಪ್ರಶಿಯಾಕ್ಕೂ ಯುದ್ಧವಾಗಿ, ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ಮನೆತನಗಳು ಗಂಟುಮೂಟೆ ಕಟ್ಟಬೇಕಾಯಿತು. ಡೀಸೆಲ್ ಕುಟುಂಬವು ಲಂಡನ್ನಿಗೆ ಹೋಯಿತು. ಅಲ್ಲಿ ಎಲ್ಲರ ಹೊಟ್ಟೆಗೂ ಸಾಲದೆಂದು ಹುಡುಗನನ್ನು ಔಗ್ಸ್‌ಬರ್ಗಿನ ಬಂಧುಗಳಲ್ಲಿಗೆ ಕಳಿಸಿದರು. ಅಲ್ಲಿದ್ದ ಕ್ರಿಸ್ಟೋಫ್ ಬಾರ್ನಿಕೆಲ್ಲರು ಗಣಿತದ ಅಧ್ಯಾಪಕರು. ಅವರ ಮನೆಯ ಆಶ್ರಯ ಮತ್ತು ಕೈಕಸಬಿನ ಶಾಲೆಯ ಪಾಠ ಇವೆರಡೂ ಆ ಹುಡುಗನ ಬಾಳಿಗೆ ದಾರಿ ತೋರಿದವು. ಹದಿನಾಲ್ಕರಲ್ಲಿಯೇ ಆತನು ತಾನು ಎಂಜಿನಿಯರನಾಗುವೆನೆಂದು ತಂದೆತಾಯಿಗಳಿಗೆ ಪತ್ರ ಬರೆದು ತಿಳಿಸಿದನು. ಬೇಗ ದುಡಿಮೆಗೆ ಹಚ್ಚಬೇಕೆಂದಿದ್ದ ತಂದೆಗೆ ಅದು ಹಿಡಿಸಲಿಲ್ಲ. ಆದರೆ 1875ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿವೇತನವು ಕೈಸೇರಿದಾಗ ವಾದಕ್ಕೆ ಎಡೆ ಉಳಿಯಲಿಲ್ಲ.

ಮ್ಯೂನಿಕ್ಕಿನಲ್ಲಿ ಉಷ್ಣಶಾಸ್ತ್ರವನ್ನು ಕಲಿಸುತ್ತಿದ್ದವರು ಕಾರ್ಲ್ ಫಾನ್ ಲಿಂಡೆ. ಶೀತಯಂತ್ರಗಳನ್ನು ನಿರ್ಮಿಸಿ ಮುಂದೆ ಜಗದ್ವಿಖ್ಯಾತರಾದವರು ಅವರು. ಒಂದು ದಿನದ ಪಾಠದಲ್ಲಿ ಅವರು, ಕಲ್ಲಿದ್ದಲಿನಲ್ಲಿರುವ ಶಾಖದಲ್ಲಿ ಉಗಿಯಂತ್ರವು ನೂರಕ್ಕೆ ಆರರಿಂದ ಹತ್ತು ಪಾಲನ್ನು ಮಾತ್ರ ಕೆಲಸಕ್ಕೆ ತರುತ್ತದೆ, ಉಳಿದದ್ದೆಲ್ಲ ಹೊಗೆಗೂಡಿನ ಪಾಲು ಎಂದು ವಿವರಿಸಿದರು. ಫ್ರಾನ್ಸಿನ ಸಾದಿ ಕಾರ್ನೋ ಎಂಬ ತರುಣ ವಿಜ್ಞಾನಿಯು ಐವತ್ತು ವರ್ಷಗಳ ಹಿಂದೆ ಕಾಗದದ ಮೇಲೆ ಕಲ್ಪಿಸಿದ್ದ ಆದರ್ಶ ಯಂತ್ರವಾದರೋ ಅದಕ್ಕಿಂತ ಎಷ್ಟೋ ಪಟ್ಟು ಮಿಗಿಲು. ಈ ಅಂತರವನ್ನು ತುಂಬಲಾಗದೇ ಎಂಬ ಪ್ರಶ್ನೆಯನ್ನು ಡೀಸೆಲ್ಲರು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡರು. ಎಷ್ಟೋ ವಿದ್ಯಾರ್ಥಿಗಳು ಆ ಪಾಠವನ್ನು ಕೇಳಿರಬೇಕು. ಅಂಚಿನ ಆ ಗುರುತನ್ನು ಹದಿನೈದು ವರ್ಷ ಬಿಡದೆ ಬೆನ್ನಟ್ಟಿದವರು ಒಬ್ಬರೇ.

1879ರಲ್ಲಿ ವಿಷಮಜ್ವರದಿಂದ ಪರೀಕ್ಷೆ ತಪ್ಪಿತು. ಆ ಅವಧಿಯನ್ನು ಅವರು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಸುಲ್ಜರ್ ಯಂತ್ರ ಕಾರಖಾನೆಯಲ್ಲಿ ಕೈಕೆಲಸ ಕಲಿಯುವುದರಲ್ಲಿ ಕಳೆದರು. ಈ ಊರಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಉತ್ತರಾರ್ಧವು ಅಲ್ಲಿಂದಲೇ ಬರಲಿದೆ. ಮರುವರ್ಷ ಅತ್ಯುಚ್ಚ ಅಂಕಗಳೊಡನೆ ತೇರ್ಗಡೆಯಾಗಿ, ಗುರು ಲಿಂಡೆಯವರ ಮಂಜುಗಡ್ಡೆಯ ಉದ್ಯಮಕ್ಕಾಗಿ ಪ್ಯಾರಿಸ್ಸಿಗೆ ತೆರಳಿದರು. 1883ರಲ್ಲಿ ಮಾರ್ಥಾ ಫ್ಲಾಶೆಯವರೊಡನೆ ವಿವಾಹವಾಯಿತು. ಮೂವರು ಮಕ್ಕಳಾದರು. ಹಗಲು ಮಂಜುಗಡ್ಡೆಯ ಯಂತ್ರ, ರಾತ್ರಿ ಹೊಸ ಎಂಜಿನಿನ ಲೆಕ್ಕ. ಉಗಿಯ ಬದಲು ಅಮೋನಿಯಾದ ಆವಿಯಿಂದ ಎಂಜಿನನ್ನು ನಡೆಸಲು ಹಲವು ವರ್ಷ ಹೆಣಗಿ, ಅದು ಫಲಿಸದೆ, 1890ರಲ್ಲಿ ಬರ್ಲಿನ್ನಿಗೆ ಬಂದರು. ಆ ಸೋಲಿನಿಂದಲೇ ಅವರಿಗೆ ಸರಳವಾದ ಒಂದು ವಿಚಾರವು ಹೊಳೆಯಿತು: ಅಮೋನಿಯಾ ಏಕೆ, ಗಾಳಿಯನ್ನೇ ಏಕೆ ಬಳಸಬಾರದು?

ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಕೈಗೆ ಬಿಸಿಯಾಗಿ ತಾಗುವುದನ್ನು ಶಾಲೆಯ ಹುಡುಗರೆಲ್ಲ ಬಲ್ಲರು. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಬಹಳ ಬಲವಾಗಿ, ಒಮ್ಮೆಲೆ ಅದುಮಿದರೆ ಅದರಲ್ಲಿ ಸಿಂಪಡಿಸಿದ ಎಣ್ಣೆಯು ಕಿಡಿಯ ನೆರವಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಎಷ್ಟು ಹೆಚ್ಚು ಅದುಮಿದರೆ ಅಷ್ಟು ಹೆಚ್ಚು ದಕ್ಷತೆ. ಡೀಸೆಲ್ ಎಂಜಿನಿನ ತಿರುಳು ಇಷ್ಟೇ. 1892ರ ಫೆಬ್ರವರಿಯಲ್ಲಿ ಇದಕ್ಕೆ ಪೇಟೆಂಟಿಗಾಗಿ ಅರ್ಜಿ ಹಾಕಿದರು. 1893ರಲ್ಲಿ ತತ್ತ್ವವನ್ನು ವಿವರಿಸುವ ಪುಸ್ತಕವನ್ನು ಹೊರತಂದರು. ಆ ಪುಸ್ತಕದಲ್ಲಿ ಅವರು ವಾತಾವರಣದ ಒತ್ತಡಕ್ಕೆ 250 ಪಟ್ಟು ಒತ್ತಡವನ್ನು ಲೆಕ್ಕ ಹಾಕಿದ್ದರು. ಅಂದಿನ ಕಬ್ಬಿಣ ಎರಕಕ್ಕೆ ಅದು ಆಗುವ ಮಾತಲ್ಲ. ಅನುಭವಿಗಳು ನಕ್ಕರು. ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು. ದೊಡ್ಡ ಉಗಿಯಂತ್ರವನ್ನು ಕೊಳ್ಳಬಲ್ಲ ಬಂಡವಾಳಗಾರನ ಎದುರಿಗೆ ನೇಕಾರ, ಬಡಗಿ, ಕಮ್ಮಾರರಂಥ ಸಣ್ಣ ಕಸಬಿನವರು ನೆಲಕಚ್ಚುತ್ತಿದ್ದರು. ಸಣ್ಣದಾಗಿಯೂ ದಕ್ಷವಾಗಿಯೂ ಇರುವ ಎಂಜಿನು ದೊರೆತರೆ ಅವರು ತಮ್ಮ ಮನೆಯಂಗಳದಲ್ಲಿಯೇ ದುಡಿದು ಬಾಳಬಲ್ಲರೆಂಬುದು ಡೀಸೆಲ್ಲರ ನಂಬಿಕೆ. ಚರ್ಮದ ಚೀಲಗಳ ತಳ್ಳುಗಾಡಿಯನ್ನು ತಳ್ಳಿದ ಬಾಲ್ಯವು ಅವರಿಂದ ಇದನ್ನು ಬರೆಸಿತೆಂದರೆ ತಪ್ಪಾಗದು.

ಔಗ್ಸ್‌ಬರ್ಗಿನ ಯಂತ್ರ ಕಾರಖಾನೆಯ ನಿರ್ದೇಶಕರಾದ ಹೈನ್ರಿಕ್ ಫಾನ್ ಬೂಜ್ ಅವರು 1893ರಲ್ಲಿ ಪ್ರಯೋಗಕ್ಕೆ ಎಡೆಮಾಡಿಕೊಟ್ಟರು. ಉಕ್ಕಿನ ದೊರೆಗಳಾದ ಕ್ರುಪ್ ಮನೆತನದವರು ಸೇರಿ, ವರ್ಷಕ್ಕೆ 30,000 ಮಾರ್ಕುಗಳ ವೇತನವನ್ನು ಒಪ್ಪಿದರು. ಆಗಸ್ಟ್ 10ರಂದು ಮೊದಲ ಯಂತ್ರವನ್ನು ಹೊರಗಿನ ಬಲದಿಂದ ತಿರುಗಿಸಿ ಎಣ್ಣೆ ಬಿಟ್ಟಾಗ ಒಳಗೆ ಸ್ಫೋಟವಾಗಿ, ಒತ್ತಡವನ್ನು ಅಳೆಯುವ ಉಪಕರಣವು ಚೂರುಚೂರಾಗಿ ಹಾರಿತು. ಹತ್ತಿರ ನಿಂತವರು ಬದುಕಿದ್ದು ಪುಣ್ಯ. ಡೀಸೆಲ್ಲರಿಗೆ ಮಾತ್ರ ಅದು ಹಿಗ್ಗಿನ ಸಂಗತಿ. ಅದುಮಿದ ಗಾಳಿಯಲ್ಲಿ ಎಣ್ಣೆ ತಾನಾಗಿ ಹೊತ್ತುವುದು ಖಚಿತವಾಯಿತಲ್ಲ! ಯಂತ್ರವನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. 1894ರ ಫೆಬ್ರವರಿ 17ರಂದು ಅದು ಸುಮಾರು ಒಂದು ನಿಮಿಷದ ಕಾಲ, 88 ಸುತ್ತು, ಪರರ ಆಸರೆಯಿಲ್ಲದೆ ತಿರುಗಿತು. ಎಂಜಿನನ್ನು ಎಳೆಯಬೇಕಾಗಿದ್ದ ಪಟ್ಟಿಯು ಸಡಿಲಾಗಿ, ಎಂಜಿನೇ ಪಟ್ಟಿಯನ್ನು ಎಳೆಯತೊಡಗಿದ್ದನ್ನು ಕಂಡ ಕೆಲಸಗಾರನೊಬ್ಬನು ಮಾತಾಡದೆ ತಲೆಯ ಟೊಪ್ಪಿಗೆಯನ್ನು ತೆಗೆದನೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಆಮೇಲಿನ ಮೂರು ವರ್ಷಗಳ ತಪಸ್ಸನ್ನು ವಿವರವಾಗಿ ಹೇಳಹೊರಟರೆ ಒಂದು ಗ್ರಂಥವೇ ಆದೀತು. ಎಣ್ಣೆಯನ್ನು ಸಿಂಪಡಿಸುವುದೇ ಎಲ್ಲಕ್ಕಿಂತ ಕಠಿಣವಾಗಿತ್ತು. ಕೊನೆಗೆ ಬೇರೆಯಾಗಿ ಅದುಮಿದ ಗಾಳಿಯ ರಭಸದಿಂದ ಎಣ್ಣೆಯನ್ನು ಊದಬೇಕಾಯಿತು. 250 ಪಟ್ಟಿನ ಕನಸು ಮೂವತ್ತು ನಲವತ್ತರ ಆಸುಪಾಸಿಗೆ ಇಳಿಯಿತು. ಆದರೆ ಈ ಪ್ರಯೋಗಗಳ ನಡುವೆ ನಡೆದ ಒಂದು ಪ್ರಸಂಗವನ್ನು ಮಾತ್ರ ಬಿಡುವಂತಿಲ್ಲ. ಜೀವನಚರಿತ್ರಕಾರರು ಅದನ್ನು ಒಂದೆರಡು ಸಾಲುಗಳಲ್ಲಿ ದಾಟಿಬಿಡುವುದುಂಟು. ಇಂದಿನ ಸಣ್ಣ ಡೀಸೆಲ್ ಎಂಜಿನನ್ನು ತಿಳಿಯಬೇಕಾದವರಿಗೆ ಅದೇ ಕೀಲಿಕೈ.

ಎಂಜಿನು ಎಷ್ಟು ಗಾಳಿಯನ್ನು ಒಳಗೆ ಎಳೆದುಕೊಳ್ಳುವುದೋ ಅಷ್ಟೇ ಎಣ್ಣೆಯನ್ನು ಉರಿಸಬಲ್ಲದು. ಅಷ್ಟೇ ಬಲವನ್ನು ಕೊಡಬಲ್ಲದು. ಹೊರಗಿನ ಸಹಜ ಒತ್ತಡದ ಗಾಳಿಯನ್ನು ಎಳೆದುಕೊಳ್ಳುವ ಬದಲು, ಮೊದಲೇ ಸ್ವಲ್ಪ ಅದುಮಿದ ಗಾಳಿಯನ್ನು ಸಿಲಿಂಡರಿಗೆ ತುಂಬಿದರೆ? ಗಾತ್ರವನ್ನು ಹಿಗ್ಗಿಸದೆ ಬಲವನ್ನು ಹೆಚ್ಚಿಸಬಹುದು. ಡೀಸೆಲ್ಲರು 1896ರಲ್ಲಿ ಈ ವಿಚಾರಕ್ಕೂ ಪೇಟೆಂಟು ಪಡೆದರು. ಪಿಸ್ಟನ್ನಿನ ಕೆಳಭಾಗವನ್ನೇ ಪಂಪಿನಂತೆ ಬಳಸಿ ಗಾಳಿಯನ್ನು ಮುಂಚಿತವಾಗಿ ಅದುಮಿ ನೋಡಿದರು. ಬಲ ಹೆಚ್ಚಿತು, ಆದರೆ ದಕ್ಷತೆ ಕುಗ್ಗಿತು. ಗಾಳಿಯನ್ನು ಅದುಮುವ ಶ್ರಮವನ್ನು ಎಂಜಿನು ತನ್ನ ಮೈಬಲದಿಂದಲೇ ತೆರಬೇಕಾಗಿತ್ತಲ್ಲ! ಒಂದು ಬೊಟ್ಟು ಎಣ್ಣೆಯನ್ನೂ ವ್ಯರ್ಥಗೊಳಿಸಬಾರದೆಂಬ ವ್ರತವನ್ನು ತೊಟ್ಟಿದ್ದ ಡೀಸೆಲ್ಲರು ಆ ಪಂಪನ್ನು ಕಿತ್ತುಹಾಕಿಸಿದರು. ಹೊರಹೋಗುವ ಬಿಸಿ ಹೊಗೆಯಲ್ಲಿ ಉಳಿದಿರುವ ಬಲವನ್ನು ಇನ್ನೊಂದು ದೊಡ್ಡ ಸಿಲಿಂಡರಿನಲ್ಲಿ ದುಡಿಸಿಕೊಳ್ಳುವ ಜೋಡು ಹಂತದ ಎಂಜಿನನ್ನೂ 1897ರಲ್ಲಿ ಕಟ್ಟಿ ನೋಡಿದರು. ಒಂದರಿಂದ ಇನ್ನೊಂದಕ್ಕೆ ಹಾಯುವಷ್ಟರಲ್ಲಿ ಶಾಖವು ಸೋರಿ, ಅದೂ ಸೋತಿತು. ಅಂದರೆ ಹೆಚ್ಚಿನ ಗಾಳಿಯ ವಿಚಾರವೂ ಅವರ ಮುಂದಿತ್ತು, ವ್ಯರ್ಥವಾಗುವ ಹೊಗೆಯ ವಿಚಾರವೂ ಅವರ ಮುಂದಿತ್ತು. ಎರಡನ್ನೂ ಬೇರೆಬೇರೆಯಾಗಿ ಕೈಗೆತ್ತಿಕೊಂಡು ಎರಡನ್ನೂ ಬೇರೆಬೇರೆಯಾಗಿ ಕೆಳಗಿಟ್ಟರು. ಅವೆರಡನ್ನೂ ಒಂದಕ್ಕೊಂದು ಗಂಟು ಹಾಕುವುದು ಅವರಿಗೆ ಹೊಳೆಯಲಿಲ್ಲ.

ಪಂಪನ್ನು ಕಳಚಿದ ಎಂಜಿನು 1897ರ ಫೆಬ್ರವರಿ 17ರಂದು ಪ್ರಾಧ್ಯಾಪಕ ಮೋರಿಟ್ಜ್ ಶ್ರೋಟರರ ಪರೀಕ್ಷೆಗೆ ನಿಂತಿತು. ಸಿಲಿಂಡರಿನ ಅಡ್ಡಳತೆ 250 ಮಿಲಿಮೀಟರು, ಪಿಸ್ಟನ್ನಿನ ಓಟ 400 ಮಿಲಿಮೀಟರು, ಬಲ ಹೆಚ್ಚುಕಡಿಮೆ ಇಪ್ಪತ್ತು ಅಶ್ವಶಕ್ತಿ. ದಕ್ಷತೆಯು ನೂರಕ್ಕೆ 26.2 ಎಂದು ತೇಲಿತು. ಅಂದಿನ ಯಾವ ಉಷ್ಣಯಂತ್ರವೂ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಆ ಎಂಜಿನನ್ನು ಮ್ಯೂನಿಕ್ಕಿನ ವಸ್ತುಸಂಗ್ರಹಾಲಯದಲ್ಲಿ ಕಾಯ್ದಿಟ್ಟಿದ್ದಾರೆ. ಹೆಸರೇನಿಡಬೇಕೆಂಬ ಚರ್ಚೆಯಾದಾಗ, ಡೀಸೆಲ್ ಎಂದೇ ಕರೆಯಬಾರದೇಕೆಂದು ಪತ್ನಿ ಮಾರ್ಥಾ ಅವರು ಸೂಚಿಸಿದರೆಂದು ಪ್ರತೀತಿ.

ಸಂಪತ್ತು ಹೊಳೆಯಂತೆ ಹರಿದುಬಂದಿತು. ಅಮೆರಿಕದ ಅಡಾಲ್ಫಸ್ ಬುಶ್ ಅವರು ಅಲ್ಲಿನ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕುಗಳನ್ನು ಕೊಟ್ಟರು. ರಶಿಯಾದ ಹಕ್ಕನ್ನು ಎಮಾನುಯೆಲ್ ನೊಬೆಲ್ಲರು ಕೊಂಡರು. 1898ರಲ್ಲಿ ಸ್ಥಾಪಿತವಾದ ಒಂದು ಸಂಸ್ಥೆಯು ಉಳಿದ ಹಕ್ಕುಗಳಿಗೆ 35 ಲಕ್ಷ ಮಾರ್ಕುಗಳ ಬೆಲೆ ಕಟ್ಟಿತು. ನಲವತ್ತರ ಹರೆಯದಲ್ಲಿ ಚರ್ಮದ ಕಸಬಿನವರ ಮಗನು ಲಕ್ಷಾಧೀಶ್ವರನಾದನು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಎದ್ದಿತು. ಆದರೆ ಎಂಜಿನು ಮಾರುಕಟ್ಟೆಗೆ ಇನ್ನೂ ಪಕ್ವವಾಗಿರಲಿಲ್ಲ. ಕೆಂಪ್ಟೆನ್ ಊರಿನ ಬೆಂಕಿಕಡ್ಡಿ ಕಾರಖಾನೆಗೆ 1898ರಲ್ಲಿ ಕೊಟ್ಟ ಮೊದಲ ಎಂಜಿನೇ ಮೇಲಿಂದ ಮೇಲೆ ಕೆಟ್ಟಿತು. ಕೊಂಡವರು ದೂರಿದರು. ವಿಚಾರವು ತಮ್ಮದೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಡೀಸೆಲ್ಲರ ದೇಹ ಮನಸ್ಸುಗಳೆರಡೂ ಕುಸಿದು ಆರೋಗ್ಯಧಾಮವನ್ನು ಸೇರಬೇಕಾಯಿತು. ಎಂಜಿನಿಗೆ ನಿಜವಾದ ಗಟ್ಟಿತನವನ್ನು ತಂದವರು ಔಗ್ಸ್‌ಬರ್ಗಿನಲ್ಲಿಯೇ ಉಳಿದು ದುಡಿದ ಇಮಾನುಯೆಲ್ ಲೌಸ್ಟರ್ ಮೊದಲಾದ ಎಂಜಿನಿಯರುಗಳು. ಅವರ ಹೆಸರು ಯಾವ ಎಣ್ಣೆಯ ಡಬ್ಬಿಯ ಮೇಲೂ ಇಲ್ಲ.

1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಡೀಸೆಲ್ ಎಂಜಿನಿಗೆ ಅಗ್ರ ಪ್ರಶಸ್ತಿ ಬಂದಿತು. ಅಲ್ಲಿ ಒಂದು ಸಣ್ಣ ಎಂಜಿನು ಶೇಂಗಾ ಎಣ್ಣೆಯಿಂದ ನಡೆಯುತ್ತಿದ್ದುದನ್ನು ಗಮನಿಸಿದವರು ಕೆಲವೇ ಜನ. ರೈತನು ತನ್ನ ಹೊಲದಲ್ಲಿ ಬೆಳೆದ ಬೀಜದಿಂದಲೇ ಎಂಜಿನನ್ನು ನಡೆಸಬಹುದೆಂಬ ಆ ಸಂಗತಿಯನ್ನು ಡೀಸೆಲ್ಲರು 1912ರ ಭಾಷಣದಲ್ಲಿಯೂ ಎತ್ತಿ ಹೇಳಿದರು. ಕರ್ನಾಟಕದಲ್ಲಿ ಹೊಂಗೆಯ ಎಣ್ಣೆಯಿಂದ ಎಂಜಿನು ನಡೆಸುವ ಪ್ರಯೋಗಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಿಂದ ನಡೆದದ್ದು ಅದಾಗಿ ಎಂಟು ದಶಕಗಳ ತರುವಾಯ. 1903ರಲ್ಲಿ ಡೀಸೆಲ್ಲರು ಕಾರ್ಮಿಕರು ಪರಸ್ಪರ ಸಹಕಾರದಿಂದ ತಮ್ಮದೇ ಉದ್ಯಮಗಳನ್ನು ಕಟ್ಟಿಕೊಳ್ಳುವ ಬಗೆಯನ್ನು ಕುರಿತು ಒಂದು ಪುಸ್ತಕವನ್ನು ಬರೆದರು. ಹತ್ತು ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿದರೆ ಮಾರಾಟವಾದದ್ದು ಕೆಲವು ನೂರು. ತನ್ನ ಎಂಜಿನಿಗಿಂತ ಆ ಪುಸ್ತಕವೇ ಮುಖ್ಯವೆಂದು ಅವರು ತಿಳಿದಿದ್ದರೆಂದು ಮಗನು ಬರೆದಿದ್ದಾನೆ. ಜಗತ್ತು ಹಾಗೆ ತಿಳಿಯಲಿಲ್ಲ.

ಕಾಲವು ಎಂಜಿನನ್ನು ಬೇರೆಯೇ ದಾರಿಗೆ ಒಯ್ದಿತು. ಊದುಗಾಳಿಯ ಯಂತ್ರದ ಭಾರದಿಂದಾಗಿ ಅದು ದೊಡ್ಡದಾಗಿಯೇ ಉಳಿಯಿತು. ದೊಡ್ಡದಾದಷ್ಟೂ ಲಾಭವೆಂದು ದೊಡ್ಡವರ ಕೈ ಸೇರಿತು. 1912ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಿರ್ಮಿತವಾದ ಸೆಲಾಂಡಿಯಾ ಎಂಬ ಹಡಗು ಹೊಗೆಗೂಡಿಲ್ಲದೆ, ಕಲ್ಲಿದ್ದಲಿಲ್ಲದೆ ಬ್ಯಾಂಕಾಕಿನವರೆಗೆ ಯಾನ ಮಾಡಿ ಲೋಕವನ್ನು ಬೆರಗುಗೊಳಿಸಿತು. ನೌಕಾಪಡೆಗಳು ಜಲಾಂತರ್ಗಾಮಿಗಳಿಗಾಗಿ ಎಂಜಿನನ್ನು ಬೇಡಿದವು. ನೇಕಾರನ ಅಂಗಳಕ್ಕೆಂದು ಹೊರಟದ್ದು ಯುದ್ಧದ ಹಡಗಿನ ಹೊಟ್ಟೆಯನ್ನು ಸೇರಿತು. ಡೀಸೆಲ್ಲರು ಸಣ್ಣ ಎಂಜಿನಿನ ಆಸೆಯನ್ನು ಬಿಟ್ಟಿರಲಿಲ್ಲ. 1908ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಸಾಫಿರ್ ಕಂಪನಿಯೊಡನೆ ಕೂಡಿ ಲಾರಿಗೆ ಹೊಂದುವ ಚಿಕ್ಕ ಎಂಜಿನನ್ನು ಮಾಡಹೊರಟರು. ಅದು ರಸ್ತೆಯ ಮೇಲೆ ನಿಲ್ಲಲಿಲ್ಲ.

ಇತ್ತ ಮನೆಯ ಲೆಕ್ಕವು ತಪ್ಪುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಅಷ್ಟು ನಿಷ್ಠುರರಾಗಿದ್ದ ಡೀಸೆಲ್ಲರು ಹಣದ ಲೆಕ್ಕದಲ್ಲಿ ಮಗುವಿನಂತಿದ್ದರು. ಗಲಿಷಿಯಾದ ಎಣ್ಣೆಬಾವಿಗಳಲ್ಲಿ, ಭೂಮಿಯ ವ್ಯವಹಾರಗಳಲ್ಲಿ ತೊಡಗಿಸಿದ್ದೆಲ್ಲ ಮುಳುಗಿತು. 1907ರಲ್ಲಿ ಮ್ಯೂನಿಕ್ಕಿನ ವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. 1912ರಲ್ಲಿ ಅಮೆರಿಕದ ಪ್ರವಾಸದಲ್ಲಿ ಸನ್ಮಾನಗಳಾದವು. ಸಾಲ ಮಾತ್ರ ಬೆಳೆಯುತ್ತಲೇ ಇತ್ತು. 1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನೇರಿ ಅವರು ಇಂಗ್ಲೆಂಡಿನ ಹಾರ್ವಿಚ್ಚಿಗೆ ಹೊರಟರು. ಜೊತೆಗಿದ್ದ ಇಬ್ಬರು ಮಿತ್ರರೊಡನೆ ಊಟ ಮಾಡಿ, ಹತ್ತು ಗಂಟೆಯ ಸುಮಾರಿಗೆ ತಮ್ಮ ಕೋಣೆಗೆ ಹೋದರು. ಬೆಳಗಿನ ಆರೂಕಾಲಿಗೆ ಎಬ್ಬಿಸಬೇಕೆಂದು ಹೇಳಿದ್ದರು. ಬೆಳಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಟೊಪ್ಪಿಗೆ ಮತ್ತು ಮೇಲಂಗಿ ಹಡಗಿನ ಹಿಂಬದಿಯಲ್ಲಿ ದೊರೆತವು. ಹತ್ತು ದಿನಗಳ ಮೇಲೆ ಡಚ್ ದೋಣಿಯೊಂದಕ್ಕೆ ಶವವು ಕಂಡಿತು. ನಾವಿಕರು ಜೇಬಿನ ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ಕಡಲಿಗೇ ಬಿಟ್ಟರು. ಆ ವಸ್ತುಗಳನ್ನು ಮಗ ಯೂಗೆನ್ ತಂದೆಯವೆಂದು ಗುರುತಿಸಿದನು. ಪತ್ನಿಗೆ ಒಪ್ಪಿಸಿ ಹೋಗಿದ್ದ ಚೀಲದಲ್ಲಿ 20,000 ಮಾರ್ಕುಗಳ ನೋಟುಗಳಿದ್ದವು. ದಿನಚರಿಯಲ್ಲಿ ಆ ದಿನಾಂಕದ ಮುಂದೆ ಒಂದು ಶಿಲುಬೆಯ ಗುರುತಿತ್ತು. ಗೂಢಚಾರರ ಕೈವಾಡವೆಂದೂ, ಎಣ್ಣೆ ವ್ಯಾಪಾರಿಗಳ ಒಳಸಂಚೆಂದೂ ಕಥೆಗಳು ಹುಟ್ಟಿದವು. ಕಥೆಗಳಿಗೆ ಆಧಾರವಿಲ್ಲ, ಸಾಲಕ್ಕೆ, ಆ ಚೀಲಕ್ಕೆ, ಆ ಗುರುತಿಗೆ ಆಧಾರವಿದೆ. ಅಂದು ಅವರಿಗೆ ಐವತ್ತೈದು ವರ್ಷ.

ಡೀಸೆಲ್ಲರು ಕೆಳಗಿಟ್ಟ ಎರಡು ವಿಚಾರಗಳನ್ನು ಗಂಟು ಹಾಕಿದವರು ಆಲ್ಫ್ರೆಡ್ ಬ್ಯೂಖಿ. ಡೀಸೆಲ್ಲರು ಕೈಕೆಲಸ ಕಲಿತ ಆ ವಿಂಟರ್‌ಥೂರಿನಲ್ಲಿಯೇ, ಅವರು ಕಲಿತ ಅದೇ 1879ರಲ್ಲಿ, ಬ್ಯೂಖಿಯವರು ಹುಟ್ಟಿದರು. ಅವರ ತಂದೆಯೂ ಸುಲ್ಜರ್ ಕಾರಖಾನೆಯವರೇ. ಎಂಜಿನಿನ ಶಾಖದಲ್ಲಿ ದೊಡ್ಡ ಪಾಲು ಹೊಗೆಯೊಡನೆ ಹೋಗುತ್ತದೆ. ಆ ಹೊಗೆಯ ರಭಸದಿಂದ ಒಂದು ಗಾಲಿಯನ್ನು, ಅಂದರೆ ಟರ್ಬೈನನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಗಾಲಿಯಿಂದ ಹೊರಗಿನ ಗಾಳಿಯನ್ನು ಅದುಮಿ ಎಂಜಿನಿಗೆ ತುಂಬಿದರೆ, ಅದುಮುವ ಶ್ರಮಕ್ಕೆ ಎಂಜಿನು ತನ್ನ ಮೈಬಲವನ್ನು ತೆರಬೇಕಿಲ್ಲ. ಕಸದಿಂದಲೇ ಕೂಲಿ ದೊರೆಯುತ್ತದೆ. ಈ ದಿಕ್ಕಿನ ಅವರ ಮೊದಲ ಪೇಟೆಂಟು 1905ರ ನವೆಂಬರ್ 16ರದು. ಆಗ ಡೀಸೆಲ್ಲರಿನ್ನೂ ಜೀವಂತರಾಗಿದ್ದರು. ಆದರೆ ಕೆಂಪಗೆ ಕಾದ ಹೊಗೆಯನ್ನು ತಾಳಿಕೊಂಡು ಅತಿ ವೇಗದಿಂದ ತಿರುಗುವ ಲೋಹವನ್ನು ಹೊಂದಿಸಲು ಇಪ್ಪತ್ತು ವರ್ಷ ಹಿಡಿಯಿತು. 1926ರಲ್ಲಿ ನೀರಿಗಿಳಿದ ಪ್ರಾಯ್ಸೆನ್ ಮತ್ತು ಹಾನ್ಸೆಶ್ಟಾಟ್ ಡಾಂಟ್ಸಿಗ್ ಎಂಬ ಜರ್ಮನ್ ಹಡಗುಗಳಲ್ಲಿ, ಹತ್ತು ಸಿಲಿಂಡರಿನ ಡೀಸೆಲ್ ಎಂಜಿನಿನ ಬಲವು ಈ ಉಪಾಯದಿಂದ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಟರ್ಬೊಚಾರ್ಜರು ಎಂದು ಇಂದು ಕರೆಯುವ ಸಾಧನವು ಹೀಗೆ ಬಳಕೆಗೆ ಬಂದಿತು. ಬೀದರ, ಭಾಲ್ಕಿ, ಕಮಲನಗರ ನಿಲ್ದಾಣಗಳನ್ನು ಹಾಯುವ ರೈಲುಮಾರ್ಗದಲ್ಲಿ ಉಗಿಯ ಕಾಲ ಮುಗಿದು ಡೀಸೆಲ್ಲಿನ ಕಾಲ ಬಂದುದೂ ಇದರ ಬಲದಿಂದಲೇ. 1962ರಿಂದ ಭಾರತಕ್ಕೆ ಬಂದ 2,600 ಅಶ್ವಶಕ್ತಿಯ, ಹದಿನಾರು ಸಿಲಿಂಡರಿನ ರೈಲೆಂಜಿನುಗಳಿಗೆ ಟರ್ಬೊಚಾರ್ಜರೇ ಶ್ವಾಸಕೋಶ.

ಸಣ್ಣ ಎಂಜಿನಿನ ಕಥೆ ನಿಧಾನವಾಗಿ ಸಾಗಿತು. ಊದುಗಾಳಿಯ ಹೊರೆಯನ್ನು ಇಳಿಸುವ ಹಾದಿಯನ್ನು ಮ್ಯಾನ್‌ಹೈಮ್ ನಗರದ ಪ್ರೋಸ್ಪರ್ ಲೊರಾಂಜರು 1909ರಲ್ಲಿ ತೋರಿದರು. 1927ರಲ್ಲಿ ಬಾಷ್ ಕಂಪನಿಯ ಎಣ್ಣೆಪಂಪು ಬಂದ ಮೇಲೆ ಡೀಸೆಲ್ ಎಂಜಿನು ಲಾರಿಯಲ್ಲಿ ನೆಲೆಯೂರಿತು. 1936ರಲ್ಲಿ ಮೋಟಾರಿಗೂ ಬಂದಿತು. ಸ್ವಿಟ್ಜರ್ಲೆಂಡಿನ ಸೌರರ್ ಕಂಪನಿಯು 1938ರಲ್ಲಿಯೇ ಲಾರಿಯ ಎಂಜಿನಿಗೆ ಟರ್ಬೊಚಾರ್ಜರನ್ನು ಜೋಡಿಸಿತು. ಆದರೂ ಸಣ್ಣ ಕಾರಿಗೆ ಅದು ಒಗ್ಗಲು ಇನ್ನೂ ನಾಲ್ಕು ದಶಕಗಳು ಬೇಕಾದವು. 1978ರಲ್ಲಿ ಮರ್ಸಿಡಿಸ್ ಕಾರೊಂದು ಮೊದಲ ಬಾರಿಗೆ ಟರ್ಬೊ ಸಹಿತ ಡೀಸೆಲ್ ಎಂಜಿನಿನೊಡನೆ ಮಾರಾಟಕ್ಕೆ ಬಂದಿತು.

ಇಲ್ಲಿ ತೊಡಕೇನೆಂದರೆ, ಸಣ್ಣ ಎಂಜಿನಿನಿಂದ ನಿಧಾನದ ಓಟದಲ್ಲಿ ಹೊಗೆ ಬರುವುದೇ ಕಡಿಮೆ. ದೊಡ್ಡ ಟರ್ಬೊ ಇಟ್ಟರೆ ಅದು ಎಚ್ಚರಗೊಳ್ಳಲು ಹೊತ್ತು ಹಿಡಿಯುತ್ತದೆ. ಚಿಕ್ಕದನ್ನಿಟ್ಟರೆ ವೇಗವೇರಿದಾಗ ಅದೇ ಗಂಟಲಿಗೆ ಅಡ್ಡವಾಗುತ್ತದೆ. ಅದಕ್ಕಾಗಿ ಎರಡನ್ನು ಇಡುವ ಪದ್ಧತಿ ಬಂದಿತು. ಆರಂಭದಲ್ಲಿ ಹೊಗೆಯೆಲ್ಲ ಚಿಕ್ಕ ಗಾಲಿಗೆ. ವೇಗವೇರಿದಂತೆ ಕವಾಟವು ತೆರೆದು ದೊಡ್ಡ ಗಾಲಿಗೆ. ಇನ್ನು ಕೆಲವು ಎಂಜಿನುಗಳಲ್ಲಿ ಸಮಾನವಾದ ಎರಡು ಟರ್ಬೊಗಳು ಸಿಲಿಂಡರುಗಳನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. 2008ರಲ್ಲಿ ಬಂದ ಮರ್ಸಿಡಿಸ್ಸಿನ 2,143 ಘನ ಸೆಂಟಿಮೀಟರಿನ ಜೋಡಿ ಟರ್ಬೊ ಎಂಜಿನು 204 ಅಶ್ವಶಕ್ತಿಯನ್ನು ಕೊಟ್ಟಿತು. ಅಷ್ಟು ದೂರ ಹೋಗುವುದೂ ಬೇಡ. 2007ರಿಂದ ಹಲವು ವರ್ಷ ಈ ನಾಡಿನ ರಸ್ತೆಗಳಲ್ಲಿ ಮನೆಮಾತಾಗಿದ್ದ ಮಾರುತಿ ಸ್ವಿಫ್ಟ್ ಡೀಸೆಲ್ ಕಾರಿನ ಎಂಜಿನು, ಒಂದೇ ಟರ್ಬೊದೊಡನೆ, 1,248 ಘನ ಸೆಂಟಿಮೀಟರಿನಲ್ಲಿ ಸುಮಾರು 75 ಅಶ್ವಶಕ್ತಿಯನ್ನು ಹೊರಡಿಸುತ್ತಿತ್ತು. ಶ್ರೋಟರರು ಪರೀಕ್ಷಿಸಿದ ಡೀಸೆಲ್ಲರ ಎಂಜಿನಿನ ಸಿಲಿಂಡರು ಹತ್ತೊಂಬತ್ತು ಲೀಟರಿಗೂ ಮಿಕ್ಕಿದ್ದು, ಅದರ ಬಲ ಇಪ್ಪತ್ತನ್ನು ಮೀರಿರಲಿಲ್ಲವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹಳೆಯ ಅಂಬಾಸಿಡರಿನ, ಜೀಪಿನ ಪೆಟ್ರೋಲು ಎಂಜಿನನ್ನು ಇಳಿಸಿ ಚಿಕ್ಕ ಡೀಸೆಲ್ ಎಂಜಿನನ್ನು ಕೂರಿಸುವ ಕೆಲಸದಲ್ಲಿ ಕರ್ನಾಟಕದ ಮೆಕ್ಯಾನಿಕರು ಒಂದು ಕಾಲಕ್ಕೆ ಸಿದ್ಧಹಸ್ತರಾಗಿದ್ದರು. ಅಂಥ ಎಂಜಿನಿಗೆ ಟರ್ಬೊವನ್ನು, ಅದೂ ಎರಡನ್ನು ಜೋಡಿಸುವ ಸಾಹಸವನ್ನು ತರುಣರು ಮಾಡಿ ನೋಡುವುದುಂಟು. ಡೀಸೆಲ್ಲರಿಗೆ 1896ರಲ್ಲಿ ಎದುರಾದ ಪ್ರಶ್ನೆಗಳೇ ಅವರಿಗೂ ಎದುರಾಗುತ್ತವೆ. ಗಾಳಿಯೊಂದನ್ನು ಹೆಚ್ಚಿಸಿ ಎಣ್ಣೆಯ ಪಂಪನ್ನು ಹಾಗೆಯೇ ಬಿಟ್ಟರೆ ಬಲ ಬಾರದು. ಎಣ್ಣೆಯನ್ನು ಅಳತೆ ಮೀರಿ ಸುರಿದರೆ ಕರಿಹೊಗೆ, ಪಿಸ್ಟನ್ನು ಕರಗುವ ತಾಪ. ಅದುಮಿದ ಗಾಳಿ ಕಾಯುವುದರಿಂದ ನಡುವೆ ತಂಪು ಮಾಡುವ ಪೆಟ್ಟಿಗೆ ಬೇಕು. ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವ ಅಚ್ಚಿಗೆ ಶುದ್ಧವಾದ ಜಾರುಎಣ್ಣೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸಿಲಿಂಡರಿನ ಮುಚ್ಚಳ, ಪಿಸ್ಟನ್ನಿನ ಕಡ್ಡಿ, ಬೇರಿಂಗುಗಳು ಮೊದಲಿಗೆ ಯಾವ ಒತ್ತಡಕ್ಕೆಂದು ತಯಾರಾದವೋ ಅದನ್ನು ಬಹಳ ಮೀರಲಾರವು. ಔಗ್ಸ್‌ಬರ್ಗಿನಲ್ಲಿ ಹಾರಿಹೋದ ಆ ಉಪಕರಣವು ಹೇಳಿದ ಪಾಠವೂ ಅದೇ ಆಗಿತ್ತು.

ಬಾವಿಯ ದಂಡೆಯ ಎಂಜಿನಿಗೆ ಇದಾವುದರ ಗೊಡವೆಯಿಲ್ಲ. ಒಂದೇ ಸಿಲಿಂಡರು, ಒಂದೇ ಓಟ, ಸಹಜವಾದ ಉಸಿರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲನ್ನು ರೈತರಿಗೆ ಕೊಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನಿನ ಕಾರಖಾನೆಯನ್ನು ತೆರೆದರು. ಅಲ್ಲಿ ತಯಾರಾದ ಐದು ಅಶ್ವಶಕ್ತಿಯ, ನಿಮಿಷಕ್ಕೆ 1,500 ಸುತ್ತಿನ ಎಂಜಿನು ದಖ್ಖನ್ನಿನ ಹಳ್ಳಿಹಳ್ಳಿಗಳನ್ನು ತಲುಪಿತು. ಕೆಮ್ಮಣ್ಣು ಕಲ್ಲಿನ ಆಳವಾದ ಬಾವಿಗಳಿಂದ ಎತ್ತು ಕಟ್ಟಿ ಮೋಟು ಹೊಡೆದು ನೀರೆತ್ತುತ್ತಿದ್ದ ಒಕ್ಕಲಿಗನ ಹೆಗಲು ಅದರಿಂದ ಹಗುರಾಯಿತು. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಈ ಹೊಲದಿಂದ ಆ ಹೊಲಕ್ಕೆ ಒಯ್ಯಬಹುದಾದಷ್ಟು ಸಣ್ಣ ಎಂಜಿನು. 1893ರ ಪುಸ್ತಕದಲ್ಲಿ ಡೀಸೆಲ್ಲರು ಬೇಡಿದ್ದೂ ಇಂಥದನ್ನೇ.

ದೂರದ ಜಪಾನಿನಲ್ಲಿಯೂ ಇಂಥದೇ ಪ್ರಯತ್ನ ನಡೆದಿತ್ತು. ರೈತನ ಮಗನಾದ ಮಾಗೊಕಿಚಿ ಯಾಮಾಓಕಾ ಅವರು 1932ರಲ್ಲಿ ಲೈಪ್ಜಿಗ್ಗಿನ ಜಾತ್ರೆಯಲ್ಲಿ ಡೀಸೆಲ್ ಎಂಜಿನನ್ನು ಕಂಡು, ಗದ್ದೆಯ ಕೆಲಸಕ್ಕೊದಗುವ ಚಿಕ್ಕ ಎಂಜಿನನ್ನು ಮಾಡಲು ಪಣತೊಟ್ಟು, 1933ರ ಡಿಸೆಂಬರಿನಲ್ಲಿ ಅದನ್ನು ಸಾಧಿಸಿದರು. ಯಾನ್ಮಾರ್ ಎಂಬ ಹೆಸರಿನ ಕಂಪನಿ ಅವರದು. ಯುದ್ಧಾನಂತರ ಅವರು ಔಗ್ಸ್‌ಬರ್ಗಿಗೆ ಬಂದಾಗ ಅಲ್ಲಿ ಡೀಸೆಲ್ಲರಿಗೆ ತಕ್ಕ ಸ್ಮಾರಕವಿಲ್ಲದ್ದನ್ನು ಕಂಡು ನೊಂದರು. ಡೀಸೆಲ್ಲರ ಶತಮಾನೋತ್ಸವಕ್ಕೆ ಒಂದು ವರ್ಷ ಮೊದಲು, 1957ರಲ್ಲಿ, ಜಪಾನಿನಿಂದ ತರಿಸಿದ ಬಂಡೆಗಲ್ಲುಗಳನ್ನು ನಿಲ್ಲಿಸಿ ಆ ನಗರದ ಉದ್ಯಾನದಲ್ಲಿ ಒಂದು ಸ್ಮಾರಕವನವನ್ನು ಮಾಡಿಸಿಕೊಟ್ಟರು. ಸಮಾಧಿಯಿಲ್ಲದ ಡೀಸೆಲ್ಲರ ಹೆಸರು ಆ ಕಲ್ಲುಗಳ ನಡುವೆ ಕೊರೆದಿದೆ.